ಕೆಂಪು ಕಾರಿನ ಹಿಂದಿನ ಚಕ್ರ

"ಮೊದ್ಲು ಚಕ್ರ ಬಂತು ಸಾಮಿ. ಆಮೇಲೆ ಕಾರು ಬಂತು."

ಹಾಲು ಮಾರುವ ಮುನಿಲಕ್ಷ್ಮಮ್ಮ ಕಂಡದ್ದು ಇಷ್ಟೇ. ಅರವತ್ತೊಂದನೇ ಇಸವಿ, ವಿಜಯದಶಮಿಯ ಬೆಳಿಗ್ಗೆ. ಬನಶಂಕರಿ ಗುಡಿ ದಾಟಿದ ಮೇಲೆ ಕನಕಪುರ ರಸ್ತೆ ಸಾರಕ್ಕಿ ಕೆರೆ ಕಡೆಗೆ ಇಳಿಯುತ್ತದಲ್ಲ, ಅಲ್ಲಿ. ಒಂದು ಚಕ್ರ ಒಂಟಿಯಾಗಿ ಉರುಳಿಕೊಂಡು ಬಂದು, ಅವಳ ಪಕ್ಕದಲ್ಲೇ ಹಾದು, ರಾಗಿ ಹೊಲಕ್ಕೆ ನುಗ್ಗಿತು. ಹಿಂದೆಯೇ ಕೆಂಪು ಕಾರು ಒಂದು ಮಗ್ಗುಲಿಗೆ ಕುಸಿದು, ರಸ್ತೆ ಕೆರೆಯುತ್ತಾ ಬಂದು, ಹಳ್ಳಕ್ಕೆ ಮಗುಚಿತು.

ನಾನು ಅನಂತರಾಮು. ಸಂಜೆ ಪತ್ರಿಕೆಯೊಂದಕ್ಕೆ ಕಳ್ಳತನ, ಕೊಲೆ, ಅಪಘಾತ ಬರೆಯುವವನು. ಹಬ್ಬದ ದಿನವೂ ರಜ ಇಲ್ಲದ ಪಾಪಿ. ಸೈಕಲ್ ತುಳಿದುಕೊಂಡು ಹೋದರೆ ದೂರದಿಂದಲೇ ಗೊತ್ತಾಯಿತು, ಅದು ಜಯಸಿಂಹನ ಎಂ.ಜಿ. ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಅವನು ಅದರಲ್ಲಿ ಜಯನಗರ ಸುತ್ತುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು? ಅವನಪ್ಪ ತಿಮ್ಮರಾಯಪ್ಪನವರ ಅವರೆಕಾಯಿ ಹೊಲದ ಮೇಲೆ ಬಡಾವಣೆ ಎದ್ದಿತು, ಮಗ ಕಾರು ಕೊಂಡ. ನಮ್ಮಪ್ಪ ಮೇಷ್ಟ್ರು. ನಾನು ಸೈಕಲ್ಲು.

ಜಯಸಿಂಹನನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಕಾಲು ಮುರಿದಿತ್ತು, ಜೀವಕ್ಕೆ ಭಯವಿರಲಿಲ್ಲ. ಇನ್ಸ್‌ಪೆಕ್ಟರ್ ಏಕಾಂತಯ್ಯ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

"ಇಲ್ಲಿ ನೋಡ್ರಿ."

ಚಕ್ರ ಕಳಚಿದ ಜಾಗದಲ್ಲಿ ಬ್ರೇಕಿನ ಡ್ರಮ್ಮು ಬೋಳಾಗಿ ಕಾಣುತ್ತಿತ್ತು. ಅದರ ಮೇಲೆ ಮೂರು ಬಿಳಿ ಗೆರೆ.

"ವಿಭೂತಿ ಸಾರ್. ನೆನ್ನೆ ಆಯುಧಪೂಜೆ ಅಲ್ವಾ?"

"ಅಲ್ವಾ ಮತ್ತೆ," ಎಂದು ಅವರು ಎದ್ದರು.

ಕಾರಿನಿಂದ ಆಚೆ ಬಿದ್ದಿದ್ದ ಸಲಕರಣೆ ಚೀಲದೊಳಗೆ ಕೈ ಹಾಕಿ ತಾಮ್ರದ ಸುತ್ತಿಗೆ ತೆಗೆದರು. ಇಂಥ ಕಾರಿನ ಚಕ್ರಕ್ಕೆ ನಡುವೆ ಒಂದೇ ಒಂದು ದೊಡ್ಡ ಕ್ಯಾಪು. ಅದನ್ನು ಆ ಸುತ್ತಿಗೆಯಲ್ಲಿ ಹೊಡೆದೇ ಬಿಗಿಯಬೇಕು, ಹೊಡೆದೇ ಬಿಚ್ಚಬೇಕು. ಏಕಾಂತಯ್ಯ ಸುತ್ತಿಗೆಯ ಮುಖವನ್ನು ಬೆರಳಲ್ಲಿ ಸವರಿ ಮೂಸಿದರು. ಕರವಸ್ತ್ರದಲ್ಲಿ ಕಟ್ಟಿಕೊಂಡರು. ಏನೆಂದು ನಾನು ಕೇಳುವಷ್ಟರಲ್ಲಿ ಜೀಪು ಹತ್ತಿದ್ದರು. ಈ ಮನುಷ್ಯನ ಮೇಲೂ ನನಗೆ ಒಳಗೊಳಗೇ ಉರಿ. ನನಗೆ ಕಾಣುವುದೇ ಅವರಿಗೂ ಕಾಣುತ್ತದೆ, ಅರ್ಥ ಮಾತ್ರ ಅವರಿಗೇ ಆಗುತ್ತದೆ.

* * *

ಠಾಣೆಗೆ ಬರುವಷ್ಟರಲ್ಲಿ ಮೆಕ್ಯಾನಿಕ್ ಬೈರಣ್ಣ ಲಾಕಪ್ಪಿನಲ್ಲಿದ್ದ. ತಿಮ್ಮರಾಯಪ್ಪನವರು ದೂರು ಕೊಟ್ಟು, ಮೇಜು ಗುದ್ದುತ್ತಾ ನಿಂತಿದ್ದರು.

"ಗಾಡಿ ರಿಪೇರಿ ಮಾಡೋನು ಇವ್ನು. ಚಕ್ರ ಬಿಗಿ ಮಾಡ್ದೋನು ಇವ್ನು. ನನ್ ಮಗನ್ನ ಸಾಯ್ಸೋಕ್ ಹೊರಟಿದ್ದ. ಜೈಲಿಗ್ ಕಳ್ಸಿ. ಶೆಡ್ ಇರೋದು ನನ್ ಜಾಗ್ದಲ್ಲಿ, ನಾಳೆನೇ ಕೀಳಿಸ್ತೀನಿ!"

ಬೈರಣ್ಣನ ಹೆಂಡತಿ ಗೌರಮ್ಮ ಬಾಗಿಲ ಹತ್ತಿರ ಗೋಡೆಗಂಟಿಕೊಂಡು ನಿಂತಿದ್ದಳು. "ಇವ್ರು ಇವತ್ ಜೈಲಿಗ್ ಹೋದ್ರೆ ಮುಗೀತು ಸಾಮಿ. ಚಕ್ರ ಕಳಚ್ದೋನು ಅಂತ ಹೆಸ್ರು ಬಂದ್ಮೇಲೆ ಯಾರ್ ಗಾಡಿ ತರ್ತಾರೆ?"

ಏಕಾಂತಯ್ಯ ಕಂಬಿಯ ಹತ್ತಿರ ಹೋದರು. "ಏನಪ್ಪಾ ಬೈರಣ್ಣ, ನೆನ್ನೆ ಏನ್ ನಡೀತು?"

"ಎರಡ್ ಎಂ.ಜಿ.ನೂ ಶೆಡ್ಡಲ್ಲೇ ಇದ್ವು ಸಾರ್. ಜಯಸಿಂಹಪ್ನೋರ್ದು ಕೆಂಪು, ಪರಮಶಿವಯ್ನೋರ್ದು ಹಸ್ರು. ಪೂಜೇಲಿ ನಾನು ಚಕ್ರಾನೂ ಬಿಚ್ತೀನಿ ಸಾರ್. ಎಲ್ರೂ ಬಾನೆಟ್ಟಿಗೆ ಹೂವ ಹಾಕ್ಬಿಟ್ಟು ಕೈ ಮುಗೀತಾರೆ. ಕೆಲ್ಸ ಮಾಡೋದು ಒಳಗಿನ್ ಕಬ್ಬಿಣ ಅಲ್ವಾ? ಸೋಡಾ ಹಾಕಿ ತೊಳ್ದು, ಎಣ್ಣೆ ಸವರಿ, ಫಳಫಳ ಅನ್ಸಿದ್ದೆ. ಆಮೇಲೆ ಅವರವ್ರ ಮನೆಯೋರು ಅವರವ್ರ ಪದ್ಧತೀಲಿ ಪೂಜೆ ಮಾಡುದ್ರು. ಚಕ್ರ ಹಾಕ್ಬಿಟ್ಟು, ಸಾಮಾನ್ನೆಲ್ಲ ಒರೆಸಿ ದೇವಿ ಮುಂದೆ ಇಟ್ಟು ಪೂಜೆ ಮಾಡಿ, ಬೀಗ ಹಾಕ್ದೆ. ಮಧ್ಯಾಹ್ನ ಊಟ ಆದ್ಮೇಲೆ ಮನೆಮಂದಿಯೆಲ್ಲ ಬನಶಂಕರಿಗ್ ಹೋಗಿದ್ವಿ."

"ಇನ್ನೊಂದ್ ಬೀಗದ್ ಕೈ?"

ಬೈರಣ್ಣ ತಿಮ್ಮರಾಯಪ್ಪನವರ ಕಡೆ ನೋಡಿ ತಲೆ ತಗ್ಗಿಸಿದ. "ಧಣಿಗಳ ಮನೇಲಿ. ಹಜಾರದ್ ಗೂಟದ್ ಮೇಲೆ."

"ಆ ಗೂಟದ ಹತ್ರ ಪರಮಶಿವನೂ ಬರ್ತಾನೆ, ಹೋಗ್ತಾನೆ. ಮಗನ ಸ್ನೇಹಿತ ಅಲ್ವಾ!" ಎಂದು ತಿಮ್ಮರಾಯಪ್ಪನವರು ಗುಡುಗಿದರು.

* * *

ಸಿದ್ದಾಪುರದ ಶೆಡ್ಡು. ಗೋಡೆಯಲ್ಲಿ ದೇವಿಯ ಪಟ. ಪಟದ ಕಡೆ ಮುಖ ಮಾಡಿಕೊಂಡು ಹಸಿರು ಎಂ.ಜಿ. ನಿಂತಿತ್ತು. ಪಕ್ಕದಲ್ಲಿ ಕೆಂಪು ಕಾರು ನಿಂತಿದ್ದ ಜಾಗ ಖಾಲಿ.

ಪಟದ ಕೆಳಗೆ ಮಣೆ. ಮಣೆಯ ಮೇಲೆ ಬೈರಣ್ಣನ ಸಲಕರಣೆಗಳೆಲ್ಲ ಒಪ್ಪವಾಗಿ ಜೋಡಣೆಯಾಗಿದ್ದವು. ತಾಮ್ರದ ಸುತ್ತಿಗೆಗೆ ಮೆತ್ತಿದ ಗಂಧ, ಅರಿಶಿನ, ಕುಂಕುಮ ಒಣಗಿ ಹೆಪ್ಪುಗಟ್ಟಿತ್ತು. ಅದಕ್ಕಂಟಿದ ಚೆಂಡುಹೂವು ಹಾಗೇ ಇತ್ತು.

"ಯಾರೂ ಎತ್ತಿಲ್ವೇನಮ್ಮಾ?"

ಗೌರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಶಿವ ಶಿವಾ! ಪೂಜೆಗಿಟ್ಟಿದ್ನ ಮುಟ್ತಾರಾ? ಇವತ್ತು ಇನ್ನೊಂದ್ಸಲ ಪೂಜೆ ಆಗ್ದೆ ಒಂದ್ ಸ್ಪ್ಯಾನರೂ ಎತ್ತಂಗಿಲ್ಲ. ಇವ್ರ ಹತ್ರ ಇರೋದೂ ಇದೊಂದೇ ಸೆಟ್ಟು."

ಏಕಾಂತಯ್ಯ ಅದನ್ನು ಮುಟ್ಟಲಿಲ್ಲ. ಜೀಪಿನ ಡ್ರೈವರ್ ಜೀಪಿನದೇ ಜಾಕು, ಸುತ್ತಿಗೆ ತಂದ. ಹಸಿರು ಕಾರಿನ ಹಿಂದಿನ ಚಕ್ರದ ಕ್ಯಾಪಿಗೆ ಹೊಡೆದ. ಕ್ಯಾಪು ಜಗ್ಗಲಿಲ್ಲ. ಮತ್ತೆ ಹೊಡೆದ.

"ಇದ್ಯಾಕೋ ಉಲ್ಟಾ ಐತೆ ಸಾರ್. ಬಿಚ್ಚೋ ಕಡೆ ಹೊಡುದ್ರೆ ಬಿಗಿಯಾಗ್ತೈತೆ."

"ಆ ಕಡೆಯಿಂದ ಹೊಡಿ."

ಚಕ್ರ ಬಂತು. ಡ್ರಮ್ಮಿನ ಮೇಲೆ ದುಂಡಗೆ ಅರಿಶಿನ, ನಡುವೆ ಕುಂಕುಮ.

ನಾನು ಕಿರುಚಿಯೇಬಿಟ್ಟೆ. "ಸಾರ್! ವಿಭೂತಿ ಹಚ್ಚೋರು ಪರಮಶಿವಯ್ಯನ ಮನೆಯೋರು. ಅರಿಶಿನ ಕುಂಕುಮ ಜಯಸಿಂಹನ ಮನೇದು. ಅದಲುಬದಲಾಗಿದೆ!"

"ಪರವಾಗಿಲ್ವೇ, ಬುದ್ಧಿ ಚುರುಕಾಗಿದೆ."

"ಆ ಕೆಂಪು ಕಾರಿನ ಒಳ್ಳೇ ಬ್ರೇಕು, ಆಕ್ಸಲ್ ಎಲ್ಲ ಕಿತ್ತು ತನ್ನ ಗಾಡಿಗೆ ಹಾಕ್ಕೊಂಡಿದ್ದಾನೆ. ಮುಂದಿನ ಭಾನುವಾರ ರೇಸಿದೆ. ಪರಮಶಿವಯ್ಯನೇ ಸಾರ್, ಸಂಶಯವೇ ಇಲ್ಲ."

"ಅದರ ಮುಂದಕ್ಕೆ ಇನ್ನೂ ಸ್ವಲ್ಪ ಚುರುಕಾಗ್ಬೇಕು," ಎಂದರು ಏಕಾಂತಯ್ಯ. ಮೈಯೆಲ್ಲ ಉರಿದುಹೋಯಿತು.

* * *

ಪರಮಶಿವಯ್ಯ ಮನೆಯ ಜಗಲಿಯಲ್ಲೇ ಸಿಕ್ಕಿದ. ಬಟ್ಟೆ ವ್ಯಾಪಾರಿಗಳ ಮನೆಯ ಹುಡುಗ, ಇಸ್ತ್ರಿ ಮುರಿಯದ ಷರ್ಟು. ವಿಷಯ ಕೇಳಿ ನಕ್ಕ.

"ಅವನ ಪಾರ್ಟು ನನಗ್ಯಾಕೆ ಸಾರ್? ಹೋದ ವರ್ಷ ಗೆದ್ದೋನು ನಾನು, ಅದರ ಹಿಂದಿನ ವರ್ಷ ಗೆದ್ದೋನೂ ನಾನೇ. ಕದಿಯೋದಿದ್ರೆ ಸೋತೋನು ಕದೀಬೇಕು."

"ಲಂಡನ್ನಿಂದ ಹೊಸ ಬ್ರೇಕು, ಹೊಸ ಆಕ್ಸಲ್ ತರ್ಸಿದೀನಿ ಅಂದ್ರಂತೆ? ಜಯನಗರಕ್ಕೆಲ್ಲ ಗೊತ್ತು."

ನಗು ನಿಂತಿತು. "ಹೂಂ. ಅಂದಿದ್ದೆ."

"ಮೊದಲು ಯಾರಿಗೆ ಅಂದ್ರಿ?"

"ಜಯಸಿಂಹನಿಗೇ. ಅವನ ಮುಖ ನೋಡ್ಬೇಕಿತ್ತು ನೀವು."

"ತರ್ಸಿದ್ದು ನಿಜಾನಾ?"

ಅವನು ಷರ್ಟಿನ ಕಾಲರು ಸರಿಮಾಡಿಕೊಂಡ. ಕಿವಿ ಕೆಂಪಾಗಿತ್ತು. ಒಳಗಿನಿಂದ ಅವನ ತಾಯಿ ಶಿವಬಸಮ್ಮ ಕೂಗಿದರು: "ಅವನ ಸಾಮಾನೆಲ್ಲ ನೆನ್ನೆಯಿಂದ ದೇವರ ಮುಂದೆ ಐತ್ರಿ. ನಾನೇ ಕಾಯ್ಕೊಂಡ್ ಕೂತೀನಿ. ಬಂದ್ ನೋಡ್ರಿ ಬೇಕಾದ್ರೆ."

ನೋಡಿದೆವು. ಅಲ್ಲೂ ಸುತ್ತಿಗೆಯ ಮೇಲಿನ ಹೂವು ಅಲುಗಿರಲಿಲ್ಲ. ಆದರೂ ಆ ಕೆಂಪು ಕಿವಿ ನನ್ನ ತಲೆಯಿಂದ ಹೋಗಲಿಲ್ಲ.

* * *

ಸಂಜೆ ಏಕಾಂತಯ್ಯ ಎಲ್ಲರನ್ನೂ ಆಸ್ಪತ್ರೆಗೆ ಕರೆಸಿದರು. ಕಾಲಿಗೆ ದಪ್ಪ ಬ್ಯಾಂಡೇಜು ಕಟ್ಟಿಸಿಕೊಂಡು ಜಯಸಿಂಹ ಮಲಗಿದ್ದ. ತಲೆದೆಸೆಯಲ್ಲಿ ತಾಯಿ ಲಕ್ಷ್ಮಿದೇವಮ್ಮ, ಕಾಲದೆಸೆಯಲ್ಲಿ ತಿಮ್ಮರಾಯಪ್ಪನವರು. ಪರಮಶಿವಯ್ಯ ಕಿಟಕಿಯ ಹತ್ತಿರ. ಬೈರಣ್ಣನನ್ನು ಪೇದೆ ಹಿಡಿದು ತಂದ, ಹಿಂದೆಯೇ ಗೌರಮ್ಮ.

"ಅಮ್ಮಾ," ಎಂದರು ಏಕಾಂತಯ್ಯ ಲಕ್ಷ್ಮಿದೇವಮ್ಮನಿಗೆ, "ನೆನ್ನೆ ಮಗನ ಸಲಕರಣೆ ಚೀಲ ಪೂಜೆಗೆ ಇಟ್ಟಿದ್ರಾ?"

"ಕೇಳ್ದೆ ಕಣಪ್ಪ. ಬ್ಯಾಡಮ್ಮ, ಗಾಡೀಲೇ ಇರ್ಲಿ ಅಂದ."

ಕರವಸ್ತ್ರ ಬಿಚ್ಚಿ ತಾಮ್ರದ ಸುತ್ತಿಗೆಯನ್ನು ಹಾಸಿಗೆಯ ಮೇಲೆ ಇಟ್ಟರು. ಮುಖದ ತುಂಬ ಬೂದಿ ಮೆತ್ತಿತ್ತು.

"ಇದು ನಿಮ್ಮ ಸುತ್ತಿಗೆ ಜಯಸಿಂಹ. ವಿಭೂತಿ ಎಲ್ಲಿಂದ ಬಂತು? ನಿಮ್ಮನೇಲಿ ಅದನ್ನ ಹಚ್ಚಲ್ಲ. ನೆನ್ನೆ ವಿಭೂತಿ ಹಚ್ಚಿದ್ದು ಹಸಿರು ಕಾರಿನ ಕ್ಯಾಪಿಗೆ, ಡ್ರಮ್ಮಿಗೆ. ಪೂಜೆ ಆದ್ಮೇಲೆ ಆ ಕ್ಯಾಪಿಗೆ ಹೊಡೆದದ್ದು ಈ ಸುತ್ತಿಗೆ."

ಜಯಸಿಂಹ ಸೂರು ನೋಡುತ್ತಾ ಇದ್ದ.

"ಬೈರಣ್ಣನ ಸಾಮಾನು ದೇವಿ ಮುಂದೆ. ಪರಮಶಿವಯ್ಯಂದು ಅವರಮ್ಮನ ಕಾವಲಲ್ಲಿ. ನೆನ್ನೆ ಮಧ್ಯಾಹ್ನ ಪೂಜೆಗೆ ಕೂರದ ಚೀಲ ನಿಮ್ಮದೊಂದೇ. ಬೀಗದ ಕೈ ಗೂಟದ ಮೇಲೇ ಇತ್ತು. ಎರಡೂ ಗಾಡಿಯ ಹಿಂದಿನ ಬ್ರೇಕು, ಆಕ್ಸಲ್, ಅದರ ಕ್ಯಾಪು ಎಲ್ಲ ಬಿಚ್ಚಿ ಅವನದು ನಿಮಗೆ, ನಿಮ್ಮದು ಅವನಿಗೆ ಹಾಕಿದ್ರಿ. ರೇಸಲ್ಲಿ ಅವನ ಲಂಡನ್ ಮಾಲು ನಿಮ್ಮ ಗಾಡೀಲಿರಬೇಕಿತ್ತು."

"ಮತ್ತೆ ಚಕ್ರ ಯಾಕೆ ಕಳಚ್ತು?" ನಾನು ತಡೆಯಲಾರದೆ ಕೇಳಿದೆ.

"ಇದರ ಕ್ಯಾಪಿನ ತಿರುಪು, ಅದು ಕೂರೋ ಆಕ್ಸಲ್ ತುದಿಯ ತಿರುಪು, ಎಡಕ್ಕೊಂದು ತರ, ಬಲಕ್ಕೊಂದು ತರ. ಓಡ್ತಾ ಓಡ್ತಾ ತಾನೇ ಬಿಗಿಯಾಗ್ಲಿ ಅಂತ. ಕಡೆ ಬದಲಾದ್ರೆ ಓಡ್ತಾ ಓಡ್ತಾ ಸಡಿಲ. ಬೈರಣ್ಣ, ದಿನಾ ಗಾಡಿ ಹೆಂಗೆ ನಿಲ್ಲಿಸ್ತೀಯ?"

"ಜಾಗ ಸಾಲಲ್ಲ ಸಾರ್. ಒಂದರ ಮುಖ ಒಳಕ್ಕೆ, ಇನ್ನೊಂದರದ್ದು ಹೊರಕ್ಕೆ. ಎರಡರ ಎಡಗಡೇನೂ ಎದುರುಬದುರು."

"ನೆನ್ನೆ?"

"ಪೂಜೆ ಅಲ್ವಾ ಸಾರ್. ಹೆಂಗೋ ತುರುಕಿ ಎರಡನ್ನೂ ದೇವಿ ಕಡೆ ತಿರುಗ್ಸಿದ್ದೆ."

"ಅಷ್ಟೇ. ಜಯಸಿಂಹ ಅಭ್ಯಾಸಬಲದ ಮೇಲೆ ಈ ಗಾಡಿಯಿಂದ ಬಿಚ್ಚಿದ್ದನ್ನ ಎದುರಿಗಿದ್ದ ಗಾಡಿಗೆ ನೆಟ್ಟಗೆ ಹಾಕಿದ. ದಿನಾ ಎಡದ ಎದುರಿಗೆ ಎಡವೇ ಇರ್ತಿತ್ತು, ನೆನ್ನೆ ಎಡದ ಎದುರಿಗೆ ಬಲ ಇತ್ತು. ಯಾವ ಕಡೇದು ಅಂತ ಕ್ಯಾಪಿನ ಮೇಲೇ ಕೊರೆದಿದೆ, ಆದರೆ ವಿಭೂತಿ ಮೆತ್ತಿ ಅಕ್ಷರ ಮುಚ್ಚಿತ್ತು. ಬೆಳಿಗ್ಗೆ ಓಡಿಸಿ ನೋಡೋಕೆ ಹೋದ, ಚಕ್ರ ಅವನಿಗಿಂತ ಮುಂದೆ ಹೋಯ್ತು."

ತಿಮ್ಮರಾಯಪ್ಪನವರು ಕುರ್ಚಿಯ ಮೇಲೆ ಕುಸಿದರು. "ಮಗಾ, ಇಲ್ಲ ಅನ್ನೋ."

ಜಯಸಿಂಹ ಅಪ್ಪನ ಮುಖ ತಪ್ಪಿಸಿ ಕಾಲಿನ ಬ್ಯಾಂಡೇಜು ನೋಡಿಕೊಂಡ.

"ಬೈರಣ್ಣನ್ನ ಲಾಕಪ್ಪಿಗೆ ಹಾಕಿದ್ದು ಗೊತ್ತಿತ್ತಾ?" ಏಕಾಂತಯ್ಯನವರ ದನಿ ಮೊದಲ ಸಲ ಏರಿತು.

"ಅಪ್ಪ ಹೇಳಿದ್ರು."

"ಆದರೂ ಸುಮ್ಮನಿದ್ರಿ."

"ಇದ್ದೆ. ಏನ್ ಮಾಡ್ಲಿ? ನಾನೇ ಕದ್ದೆ ಅಂತ ಇವನ ಮುಂದೆ ಒಪ್ಕೊಳ್ಲಾ?" ಜಯಸಿಂಹ ಕಿಟಕಿಯ ಕಡೆ ಕೈ ತೋರಿಸಿದ. "ಎರಡು ವರ್ಷ ಇವನ ಹಿಂದೆ ಧೂಳು ಕುಡಿದಿದ್ದೀನಿ. ಅದರ ಮೇಲೆ ಲಂಡನ್ ಬ್ರೇಕು! ಯಾರಿಗೆ ಬೇಕಾದ್ರೂ ಉರೀತದೆ. ನನ್ನದೂ ಅಂಥ ಗಾಡಿಯಾಗಿದ್ರೆ ನೋಡ್ಕೋತಿದ್ದೆ."

ನನಗೆ ಅವನ ಸಂಕಟ ಚೆನ್ನಾಗಿ ಅರ್ಥವಾಯಿತು. ಅದೇ ನನಗೆ ಇಷ್ಟವಾಗಲಿಲ್ಲ.

ಪರಮಶಿವಯ್ಯ ಗೋಡೆ ನೋಡುತ್ತಾ ಹೇಳಿದ: "ಲಂಡನ್ನೂ ಇಲ್ಲ, ಏನೂ ಇಲ್ಲ ಕಣೋ. ನಿನ್ನ ಹೊಟ್ಟೆ ಉರಿಸೋಣ ಅಂತ ಬಿಟ್ಟೆ."

"ಸುಳ್ಳು!" ಜಯಸಿಂಹ ಏಳಲು ಹೋಗಿ ನೋವಿಗೆ ಹಿಂದಕ್ಕೆ ಬಿದ್ದ. "ನಾನೇ ಬಿಚ್ಚಿದೆನಲ್ಲ. ಹೊಸದರ ಹಾಗೆ ಹೊಳೀತಿತ್ತು. ಬೈರಣ್ಣ, ನೀನು ಹೇಳು. ನಿಜ ಹೇಳು."

ಬೈರಣ್ಣ ಪರಮಶಿವಯ್ಯನ ಮುಖ ನೋಡಿದ. ಪರಮಶಿವಯ್ಯ ತಲೆಯಾಡಿಸಿದ.

"ಯಾರ್ಗೂ ಹೇಳ್ಬೇಡ ಅಂದಿದ್ರು ಇವ್ರು, ಅದ್ಕೆ ಬಾಯ್ ಬಿಟ್ಟಿರ್ಲಿಲ್ಲ. ಹೊಳೀತಿದ್ದಿದ್ದು ನಾನು ತೊಳೆದಿದ್ದಕ್ಕೆ. ಅವರ ಬ್ರೇಕು ಹೋದ್ ವರ್ಷದ್ ರೇಸಿಗ್ ಮುಂಚೇನೇ ಪೂರ್ತಿ ಸವೆದೋಗಿತ್ತು ಸಾಮಿ. ಆಕ್ಸಲ್ಲೂ ಅಷ್ಟೇ. ಹಬ್ಬ ಆಗ್ಲಿ, ಆಮೇಲೆ ಹಾಕ್ಸ್ಕೋತೀನಿ ಅಂದಿದ್ರು. ಹೊಸದಿದ್ದಿದ್ದು ನಿಮ್ ಗಾಡೀಲಿ. ಹೋದ್ ತಿಂಗ್ಳು ನಾನೇ ಹಾಕಿದ್ನಲ್ಲ."

"ಆ ಸವೆದಿದ್ದರಲ್ಲೇ ಅವನು ಗೆದ್ನಾ?"

"ಅದರಲ್ಲೇ ಸಾಮಿ."

ಜಯಸಿಂಹ ಅತ್ತ. ಮುರಿದ ಕಾಲಿಗೆ ಅಳದವನು ಈಗ ಮಗುವಿನಂತೆ ಬಾಯಿ ಬಿಟ್ಟು ಅತ್ತ. ಲಕ್ಷ್ಮಿದೇವಮ್ಮ ಸೆರಗಿನಲ್ಲಿ ಅವನ ಮುಖ ಒರೆಸುತ್ತಾ ತಾವೂ ಅತ್ತರು.

ಏಕಾಂತಯ್ಯ ಪೇದೆಗೆ ಸನ್ನೆ ಮಾಡಿದರು. ಪೇದೆ ಬೈರಣ್ಣನ ತೋಳು ಬಿಟ್ಟ.

ಗೌರಮ್ಮ ಮಂಚದ ಹತ್ತಿರ ಬಂದು ನಿಂತಳು. ಅವಳ ಗಂಡನನ್ನು ಯಾರೂ ಕ್ಷಮೆ ಕೇಳಿರಲಿಲ್ಲ. ಅವಳು ಒಂದು ಗಳಿಗೆ ಕಾದಳು. ಜಯಸಿಂಹ ದಿಂಬಿಗೆ ಮುಖ ಒತ್ತಿಕೊಂಡು, "ಸವೆದಿದ್ದರಲ್ಲೇ... ಸವೆದಿದ್ದರಲ್ಲೇ ಗೆದ್ನಲ್ಲ..." ಎನ್ನುತ್ತಲೇ ಇದ್ದ.

"ಇನ್ನೂ ಅದೇ ಚಿಂತೆ ಇವ್ರಿಗೆ," ಎಂದು ಗೌರಮ್ಮ ಗಂಡನ ಕೈ ಹಿಡಿದಳು. "ನಡೀರಿ, ಮನೆಗೋಗಣ."