ಬಿಲ್ಲಿನ ಪಾಲು

ಹಾಜರಾಬಿಯ ಇದ್ದತ್ ಮುಗಿದದ್ದು ಬೆಳಿಗ್ಗೆ; ಮಗ ಇನಾಯತ ಹಕ್ಕುಬಿಡುಗಡೆ ಪತ್ರವನ್ನು ತಂಗಿ ಫರ್ಹತಳ ಮುಂದಿಟ್ಟದ್ದು ಅದೇ ಮಧ್ಯಾಹ್ನ. ಗಂಡ ಸತ್ತವಳು ಹೊಸ್ತಿಲು ದಾಟದೆ ಕೂರುವ ಆ ತಿಂಗಳುಗಳು ಮುಗಿಯಲೆಂದೇ ಕಾದಿದ್ದನಂತೆ. ಎಂಥ ಮರ್ಯಾದಸ್ಥ ಮಗ ನೋಡಿ! ಅಷ್ಟರೊಳಗೆ ಪತ್ರ ಬರೆಸಿಟ್ಟಿದ್ದ. ಅಪ್ಪ ಹಜರತಅಲಿಯ ಹತ್ತಿ ಹಿಂಜುವ ಬಿಲ್ಲನ್ನು ತೂಗುಹಾಕಲು ತನ್ನ ಫೋಮ್ ಗಾದಿ ಅಂಗಡಿಯ ಗೋಡೆಗೆ ಮೊಳೆಯನ್ನೂ ಹೊಡೆಸಿಟ್ಟಿದ್ದ. ಗಿರಾಕಿಗಳು ನೋಡಿ ಹಳೆಯ ಮನೆತನ ಅನ್ನಬೇಕಲ್ಲ.

ಸವಣೂರಿನ ಆ ಪಿಂಜಾರರ ಓಣಿಯಲ್ಲಿ ಹೆಂಗಸರು ಗಾದಿ ಹೊಲಿಯುತ್ತಾರೆ. ಬಿಲ್ಲು ಹಿಡಿಯುವವರು ಗಂಡಸರು. ಆದರೆ ಹಜರತಅಲಿಯ ಭುಜ ಸೋತ ಮೇಲೆ ಹಿಂಜಿದ್ದು ಮಗಳೇ. ಗಂಡ ಕೈಬಿಟ್ಟ ಮೇಲೆ ತವರಿಗೆ ಬಂದಿದ್ದ ಫರ್ಹತ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಮೂಗಿಗೆ ಸೆರಗು ಸುತ್ತಿಕೊಂಡು, ಬಿಲ್ಲಿನ ಹುರಿಯನ್ನು ಕೊಡತಿಯಿಂದ ಬಡಿದು ಹತ್ತಿ ಅರಳಿಸುತ್ತಿದ್ದಳು. ಗಾದಿ ಹಗುರಾಗಿದೆ ಎಂದು ಗಿರಾಕಿಗಳು ಹೊಗಳಿದರೆ ಕಟ್ಟೆಯ ಮೇಲೆ ಕುಳಿತ ಅಪ್ಪ ತಲೆತಗ್ಗಿಸುತ್ತಿದ್ದ, ಪಾಪ.

ಫರ್ಹತ ಪತ್ರ ಓದಿದಳು. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ತನಗೇನೂ ಬೇಡವೆಂದಳು.

"ಸಹಿ ಮಾಡ್ತೇನಿ ಅಣ್ಣಾ. ಆ ಬಿಲ್ಲು, ಕೊಡತಿ ಅಷ್ಟ ನನಗ ಕೊಡು. ಹಳೇ ಗಾದಿ ಹಿಂಜಿ ನನ್ನ ಹೊಟ್ಟಿ ನಾ ಹೊರಕೊಂತೇನಿ."

ಬಾಗಿಲಲ್ಲಿ ನಿಂತಿದ್ದ ಇನಾಯತನ ಹೆಂಡತಿ ಗುಲ್ನಾರ ನಕ್ಕಳು. ಹೆಂಗಸೊಬ್ಬಳು ಬಿಲ್ಲು ಹೊತ್ತು ಬೀದಿ ತಿರುಗಿದರೆ ತಾನು ತವರಿನವರಿಗೆ ಮುಖ ತೋರಿಸುವುದು ಹೇಗೆಂದಳು. ನಾದಿನಿ ಫೋಮಿಗೆ ಕವರು ಹೊಲಿದುಕೊಂಡು, ಹಾಕಿದ್ದು ಉಂಡುಕೊಂಡು ಹಿಂದಿನ ಕೋಣೆಯಲ್ಲಿ ಬಿದ್ದಿರಲಿ ಎಂದಳು. ಬಿದ್ದಿರಲಿ... ಆ ಮಾತು ಫರ್ಹತಳ ಎದೆಗೆ ನಾಟಿತು. ಅಣ್ಣನಾದರೂ ಹೆಂಡತಿಯನ್ನು ಗದರಿಸುತ್ತಾನೆಂದು ಅವನ ಮುಖ ನೋಡಿದಳು. ಅವನು ನೆಲ ನೋಡುತ್ತ ನಿಂತಿದ್ದ.

"ಬಿಲ್ಲು ಮಗನ ಕಡೆ ಇರಬೇಕು," ಎಂದ. "ಸಹಿ ಮಾಡಿದ್ರ ತವರಮನಿ ಇರತೈತಿ. ಇಲ್ಲಂದ್ರ ಇವತ್ತಿಗೆ ಮುಗೀತು."

ಕಣ್ಣು ತುಂಬಿ ಬಂದು ಅಕ್ಷರಗಳೇ ಕಾಣದಾದವು. ಆದರೂ ಆಕೆ ಪೆನ್ನು ಕೆಳಗಿಟ್ಟಳು.

"ಮುಗೀಲಿ ಹಂಗಾರ. ಹೊಟ್ಟಿ ಮ್ಯಾಲೆ ಹೊಡಿಯೋ ತವರು ನನಗ ಬ್ಯಾಡ. ಬಿಲ್ಲು ಮಾತ್ರ ನಾ ಬಿಡಂಗಿಲ್ಲ."

ತೊಲೆಗೆ ಕಟ್ಟಿದ್ದ ಬಿಲ್ಲನ್ನು ಬಿಚ್ಚಿ ಇಳಿಸಿದಳು. ಇನಾಯತ ಇನ್ನೊಂದು ತುದಿ ಹಿಡಿದ. ಒಂದೇ ತೊಡೆಯ ಮೇಲೆ ಬೆಳೆದ ಅಣ್ಣ ತಂಗಿ ಸತ್ತ ಅಪ್ಪನ ಬಿಲ್ಲನ್ನು ಜಗ್ಗಾಡಿದರು... ಅದನ್ನು ನೋಡಲೆಂದೇ ಹಾಜರಾಬಿ ಬದುಕಿ ಉಳಿದಿದ್ದಳೇ? ಮೂಲೆಯಲ್ಲಿ ಕುಳಿತಿದ್ದ ಆಕೆ ಎದ್ದು ಬಂದು ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಗಂಡನ ಆಸ್ತಿಯೊಳಗ ನನಗೂ ಪಾಲು ಐತಿ, ಇನಾಯತ. ಆ ಪಾಲು ಇದ ಅಂತ ತಿಳಕೋ. ನಾ ಇದನ್ನ ಮಗಳಿಗೆ ಕೊಟ್ಟೇನಿ."

ಆಮೇಲೆ ಗೂಟದ ಮೇಲಿದ್ದ ಬುರಖಾ ತೊಟ್ಟಳು. ಮಗ ಗಾಬರಿಯಾಗಿ ಎಲ್ಲಿಗೆಂದು ಕೇಳಿದ.

"ನಿಮ್ಮಪ್ಪ ಹೋದ. ಇನ್ನ ಈಕಿ ತವರಂದ್ರ ನಾನ. ಈಕಿ ಕೂಡ ಹೊಂಟೇನಿ."

ಇನಾಯತನ ಜಂಬವೆಲ್ಲ ಇಳಿದುಹೋಯಿತು. ಬಿಲ್ಲನ್ನು ಆಕೆ ಒಯ್ಯಲಿ, ನೀನು ಮಾತ್ರ ಇರು ಅವ್ವ ಎಂದು ಬೇಡಿಕೊಂಡ. ಸೊಸೆಯಾಗಿ ಬಂದ ಹೊಸ್ತಿಲು, ಮಕ್ಕಳನ್ನು ಆಡಿಸಿದ ಹೊಸ್ತಿಲು... ದಾಟುವ ಮುನ್ನ ಹಾಜರಾಬಿ ಒಮ್ಮೆ ಬಾಗಿಲ ಚೌಕಟ್ಟು ಹಿಡಿದಳು. ಹಿಂದಿರುಗಿ ಮಗನ ತಲೆ ನೇವರಿಸಿದಳು, ಅಷ್ಟೇ. ನಿಲ್ಲಲಿಲ್ಲ.

ಶಿಗ್ಗಾವಿಯಲ್ಲೊಂದು ಬಾಡಿಗೆ ಕೋಣೆ ಸಿಕ್ಕಿತು. ವಾರ ಕಳೆಯುವಷ್ಟರಲ್ಲಿ ತಾಯಿ ಮಗಳು ತಡಸದ ಬಸ್ಸು ಹತ್ತಿದರು. ಅಷ್ಟುದ್ದದ ಬಿಲ್ಲು ಕಂಡು ಕಂಡಕ್ಟರ್ ಗೊಣಗಿದ. ಕೊನೆಗೆ ತಾನೇ ಹಿಂದಿನ ಸೀಟಿನ ಸಂದಿಯಲ್ಲಿ ನಿಲ್ಲಿಸಿದ. ಊರೊಳಗೆ ಬಂದರೆ ಫರ್ಹತಳಿಗೆ ಬಾಯೇ ಬರಲಿಲ್ಲ. ಹಿಂಜುವುದು ಗೊತ್ತಿತ್ತು, ಕೂಗಿ ಗಿರಾಕಿ ಕರೆಯುವುದು ಗೊತ್ತಿರಲಿಲ್ಲ. ನಾಚಿಕೆಯಿಂದ ಕುಗ್ಗಿ ಗೋಡೆಯ ಬದಿಗೆ ನಿಂತಳು.

ಪಕ್ಕದ ಮನೆಗೂ ದನಿ ಕೇಳಿಸದಂತೆ ಬಾಳಿದ್ದ ಹಾಜರಾಬಿ ಗಂಟಲು ಸರಿಮಾಡಿಕೊಂಡಳು.

"ಗಾದಿ ಹಿಂಜಸ್ತೀರೇನ್ರೀ..."

ದನಿ ಒಡೆಯಿತು. ಯಾರೂ ಹೊರಗೆ ಬರಲಿಲ್ಲ. ಆಕೆ ಮಗಳ ಕೈಯಿಂದ ಕೊಡತಿ ಇಸಿದುಕೊಂಡು ಮುಂದಿನ ಓಣಿಗೆ ತಿರುಗಿದಳು, ಈ ಸಲ ಊರಿಗೇ ಕೇಳುವಂತೆ ಕೂಗಿದಳು:

"ನನ್ನ ಮಗಳು ಹಿಂಜತಾಳ್ರೀ, ಹಳೇ ಗಾದಿ ತಗೊಂಡು ಬರ್ರಿ!"