‘ರಿ’ ಬಿಟ್ಟ ಮಾತು

ಒಂದೇ ಒಂದು ‘ರಿ’ ಕಾಣೆಯಾಗಿದ್ದಕ್ಕೆ ಸಿದ್ದೇಶ್ವರಿ ಶಿವಕಾಂತನನ್ನು ಬ್ಲಾಕ್ ಮಾಡಿದಳು.

ಬೇರೆ ಕಡೆಯವರಿಗೆ ಇದು ನಗು ತರಿಸೀತು. ಬೀದರ ಜಿಲ್ಲೆಯಲ್ಲಿ ಹಾಗಲ್ಲ. ಇಲ್ಲಿ ಮಾತಿನ ತುದಿಗೆ ‘ರಿ’ ಇದ್ದರೆ ಮರ್ಯಾದೆ. ಅದು ಉದುರಿತೆಂದರೆ ಒಂದೋ ಜಗಳ, ಇಲ್ಲವೇ ಸಲುಗೆ. ಯಾವುದೆಂದು ದನಿ ಕೇಳಿದರೆ ಗೊತ್ತಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡಕ್ಕೆ ದನಿ ಎಲ್ಲಿಂದ ಬರಬೇಕು?

‘ಏನ ಆದ್ರೂ ನಾ ನಿನಗ ಬಿಡಂಗಿಲ್ಲ.’ ಇಷ್ಟೇ ಇತ್ತು ಅವನ ಮೆಸೇಜು. ಆ ದಿನ ಮುಖ ಗೊತ್ತಿಲ್ಲದ ಎಷ್ಟೋ ಖಾತೆಗಳಿಂದ ಅವಳಿಗೆ ಬಂದಿದ್ದೂ ಅದೇ ಮಾತು. ‘ಬಿಡಂಗಿಲ್ಲ ನಿನಗ’, ‘ಬೀದರನ್ಯಾಗ ಹ್ಯಾಂಗ ತಿರುಗಾಡ್ತಿ ನೋಡ್ತೇವಿ’. ಆ ಹೊಲಸಿನ ನಡುವೆ ಶಿವಕಾಂತನ ಹೆಸರು ಕಂಡಿತು. ಇವನೂನಾ ಎಂದುಕೊಂಡಳು. ಬೆರಳು ತಾನಾಗಿ ಬ್ಲಾಕ್ ಒತ್ತಿತು.

ಸಿದ್ದೇಶ್ವರಿ ಔರಾದ ತಾಲೂಕಿನ ಸಂತಪುರದ ಹಾವಗೆಪ್ಪನ ಮಗಳು. ಬೀದರಿನಲ್ಲಿ ಅಬ್ದುಲ ಖಾದರ ಅವರ ಕನ್ನಡಕದ ಅಂಗಡಿಯಲ್ಲಿ ಕೆಲಸ, ಲೇಡೀಸ್ ಹಾಸ್ಟೆಲಿನಲ್ಲಿ ವಾಸ. ಸಿನಿಮಾ ನಟ ಇಂದ್ರಸೇನ ಎಂದರೆ ಪ್ರಾಣ. ಅವನ ಜಿಲ್ಲಾ ಅಭಿಮಾನಿಗಳ ಗ್ರೂಪು ‘ಇಂದ್ರಸೇನೆ’ಗೆ ಅವಳೊಬ್ಬ ಅಡ್ಮಿನ್, ಶಿವಕಾಂತನೊಬ್ಬ ಅಡ್ಮಿನ್. ಅವನದು ಭಾಲ್ಕಿಯಲ್ಲಿ ಫ್ಲೆಕ್ಸ್ ಅಂಗಡಿ. ಹೀರೋನ ಹುಟ್ಟುಹಬ್ಬ ಬಂದರೆ ಹೊಗಳಿಕೆಯ ಸಾಲು ಅವಳದು, ಬ್ಯಾನರು ಅವನದು. ಆ ಬ್ಯಾನರಿನ ನೆಪದಲ್ಲಿ ದಿನಕ್ಕೆ ಎಷ್ಟು ಸಲ ಫೋನು ಮಾಡುತ್ತಿದ್ದರೆಂದು ಇಬ್ಬರೂ ಯಾರಿಗೂ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಣ್ಣು ತೋರಿಸುವ ನೆಪದಲ್ಲಿ ಅವನು ಅಂಗಡಿಗೇ ಬಂದಿದ್ದ. ಅವಳು ಅಕ್ಷರದ ಬೋರ್ಡಿನ ಪಕ್ಕ ಕೋಲು ಹಿಡಿದು ನಿಂತಳು.

“ಮ್ಯಾಲಿನ ಸಾಲ ಓದ್ರಿ.”

“ಕಾಣವಲ್ದರಿ.”

“ಇಷ್ಟ ದೊಡ್ಡ ಅಕ್ಷರ ಕಾಣವಲ್ದು?”

“ಬಾಜೂಕ ನಿಂತವ್ರು ಛಂದ ಕಾಣ್ಲತ್ತಾರ್ರಿ. ಅಕ್ಷರ ಅಷ್ಟ ಮಬ್ಬು.”

ಅವಳು ತುಟಿ ಕಚ್ಚಿ ನಗು ತಡೆದಳು. ಅವಳು ನೋಡಿದರೆ ಅವನು ಬೋರ್ಡು ನೋಡುತ್ತಿದ್ದ, ಅವಳು ಬೋರ್ಡಿನತ್ತ ತಿರುಗಿದರೆ ಅವಳನ್ನು. ಗೋಡೆಯ ಕನ್ನಡಿ ಇದೆಲ್ಲವನ್ನೂ ಅವಳಿಗೆ ತೋರಿಸಿಬಿಟ್ಟಿತು. ಅಬ್ದುಲ ಖಾದರ ಗಲ್ಲಾದ ಹಿಂದಿನಿಂದಲೇ, “ಇವರ ಕಣ್ಣಿಗಿ ಏನೂ ಆಗಿಲ್ಲ ಬೇಟಿ, ಬೀಮಾರಿ ಬ್ಯಾರೆ ಅದ” ಎಂದರು. ಆದರೂ ಇಬ್ಬರಲ್ಲಿ ಯಾರೂ ‘ನೀವು’ ಬಿಟ್ಟು ‘ನೀನು’ ಎಂದವರಲ್ಲ. ಎನ್ನಲು ಇಬ್ಬರಿಗೂ ಹೆದರಿಕೆ.

ಅಷ್ಟರಲ್ಲಿ ಇಂದ್ರಸೇನನ ಹೊಸ ಟ್ರೇಲರ್ ಬಂತು. ಬೇಡವೆಂದ ಹುಡುಗಿಯ ಬೆನ್ನು ಹತ್ತಿ, ಕೈ ಹಿಡಿದು ಎಳೆಯುವ ಹೀರೋ. ಸಿದ್ದೇಶ್ವರಿ ಗ್ರೂಪಿನಲ್ಲಿ ಬರೆದಳು: ‘ಇದು ಪ್ರೀತಿ ಅಲ್ರಿ. ಅಣ್ಣಗ ಇಂಥಾ ಸೀನ್ ಶೋಭಾ ಕೊಡಂಗಿಲ್ಲ.’ ಮನೆಯವರ ಮೇಲೆ ಮುನಿಸಿಕೊಂಡಂತೆ ಬರೆದದ್ದು, ಅಷ್ಟೇ. ಸಂಜೆಯೊಳಗೆ ಅವಳು ದ್ರೋಹಿಯಾಗಿದ್ದಳು. ಅವಳು ಗ್ರೂಪು ಬಿಟ್ಟಳು; ಶಿವಕಾಂತನ ಆ ಮೆಸೇಜು ಬಂದಿದ್ದೂ ಅದೇ ರಾತ್ರಿ.

ಯಾರೋ ಅವಳ ಮುಖವನ್ನು ಬೇರೊಂದು ಬತ್ತಲೆ ಮೈಗೆ ಅಂಟಿಸಿ ಹರಿಬಿಟ್ಟರು. ಇನ್ಯಾರೋ ಅವಳ ನಂಬರು ಹಾಕಿ, ಕೆಳಗೆ ಓದಲಾಗದ ಮಾತು ಬರೆದರು. ಫೋನು ಒದರುತ್ತಲೇ ಇತ್ತು. ಒಬ್ಬನನ್ನು ಬ್ಲಾಕ್ ಮಾಡಿದರೆ ಹೊಸ ಹೆಸರಿನಲ್ಲಿ ಅವನೇ ಮತ್ತೆ ಹಾಜರು. ಅಂಗಡಿಯೆದುರು ಬೈಕು ನಿಲ್ಲಿಸಿ ಯಾವನೋ ಅವಳ ವಿಡಿಯೋ ತೆಗೆದುಕೊಂಡು ಹೋದ ದಿನ ಅವಳು ಕನ್ನಡಕದ ಡಬ್ಬಿಗಳ ಹಿಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಸತ್ತೇ ಹೋದರೆ ಫೋನು ಸುಮ್ಮನಾಗುತ್ತದಲ್ಲ ಎಂದೂ ಒಮ್ಮೆ ಅನ್ನಿಸಿತು.

ಫೋಟೋ ಸಂತಪುರಕ್ಕೂ ಮುಟ್ಟಿತು. ಅಪ್ಪ ಫೋನು ಮಾಡಿದ.

“ಸಾಕ ಬಿಡು ಯವ್ವಾ ನಿನ್ನ ಬೀದರ. ನಾಳಿ ಬರ್ತೇನಿ, ಗಂಟ ಕಟ್ಟಿಡು. ಆ ಫೋನ್ ನನ್ನ ಕೈಗಿ ಕೊಡು.”

ಹೋದರೆ ಮತ್ತೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕೆಲಸ ಹೋಗುತ್ತದೆ, ಫೋನು ಹೋಗುತ್ತದೆ, ಮರ್ಯಾದೆ ಉಳಿಸಿಕೊಳ್ಳಲು ಯಾವನಿಗೋ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ತಪ್ಪು ಮಾಡಿದವರು ಮಾತ್ರ ಚಹಾ ಕುಡಿಯುತ್ತ ಇದೇ ಊರಿನ ಚೌಕದಲ್ಲಿ ಕೂತಿರುತ್ತಾರೆ.

ಆ ಸಂಕಟದಲ್ಲೂ ಅವಳ ಮನಸ್ಸು ಹೋಗುತ್ತಿದ್ದುದು ಭಾಲ್ಕಿಯ ಕಡೆಗೇ. ಬೈದವರೆಲ್ಲ ಹೊಸ ಖಾತೆ ತೆರೆದು ಮರಳಿ ಬಂದಿದ್ದರು. ಶಿವಕಾಂತನೊಬ್ಬ ಬರಲಿಲ್ಲ. ಮೊದಲು ಪೀಡೆ ತೊಲಗಿತು ಎನಿಸಿತ್ತು. ಆಮೇಲೆ ಸಿಟ್ಟು ಬಂತು. ಬೇರೆ ನಂಬರಿನಿಂದ ಒಂದು ಫೋನು ಮಾಡಲೂ ಅವನಿಗೆ ಬೇಡವಾದೆನೇ? ಧಮಕಿ ಹಾಕಿದವನು ಬರಲೆಂದು ಕಾಯುವ ತನ್ನ ಹುಚ್ಚಿಗೆ ಅವಳಿಗೇ ನಾಚಿಕೆಯಾಯಿತು.

ಅಪ್ಪ ಫೋನು ಮಾಡಿದ ದಿನ ಮಧ್ಯಾಹ್ನವೇ ಭಾಲ್ಕಿಯಿಂದ ಶಿವಾನಿ ಬಂದಳು. ಗ್ರೂಪಿನಲ್ಲಿದ್ದ ಇನ್ನೊಬ್ಬ ಹುಡುಗಿ, ಗೆಳತಿ.

“ನೀ ಗ್ರೂಪ್ ಬಿಟ್ಟ ಮ್ಯಾಲ ಏನಾಯ್ತು ಗೊತ್ತದೇನು? ಶಿವಕಾಂತ ಒಬ್ಬೊಬ್ಬರ್ದೇ ಹೆಸರ ಹಿಡದು ಬೈದು ಹೊರಗ ಹಾಕಿದ. ಕಡೀಕ ಗ್ರೂಪೇ ಬಂದ್ ಮಾಡಿದ. ಈಗ ಅವರೇ ಅವನ ಅಂಗಡಿ ಬೋರ್ಡ್ ಹರದಾರ, ಗಿರಾಕಿಗಳಿಗಿ ಅಲ್ಲಿ ಹೋಗಬ್ಯಾಡ್ರಿ ಅನ್ಲತ್ತಾರ.”

“ಮತ್ತ ನನಗ ಯಾಕ ಹೇಳಲಿಲ್ಲ?”

“ಹ್ಯಾಂಗ ಹೇಳ್ತಾನ? ನೀನೇ ಬ್ಲಾಕ್ ಮಾಡಿದಿ. ನನ್ನ ಫೋನ್ಲೇ ಮಾತಾಡು ಅಂತ ನಾ ಕೊಟ್ಟೆ. ಒಲ್ಲೆ ಅಂದ. ‘ಆಕಿ ಬಾಗ್ಲಾ ಹಾಕ್ಯಾಳ. ನಾ ಕಿಟಕ್ಯಾಗಿಂದ ಜಿಗದ್ರ ನನಗೂ ಅವರಿಗೂ ಏನ ಫರಕ’ ಅಂದ. ಅಳ್ಲತ್ತಿದ್ದ ನೋಡು, ಆ ದೊಡ್ಡ ಮನಷ್ಯಾ.”

ಸಿದ್ದೇಶ್ವರಿ ಬ್ಲಾಕ್ ಮಾಡಿದವರ ಪಟ್ಟಿಯನ್ನು ತೆರೆದಳು. ಕೆಟ್ಟ ಕೆಟ್ಟ ಹೆಸರುಗಳು ಮುಗಿಯುತ್ತಲೇ ಇರಲಿಲ್ಲ. ಅವುಗಳ ಮಧ್ಯೆ ಶಿವಕಾಂತ ಸಿಕ್ಕಿಬಿದ್ದಿದ್ದ. ಬಿಡಿಸಿ, ಫೋನು ಹಚ್ಚಿದಳು.

“ಶಿವಕಾಂತ್ರಿ...”

ಆ ಕಡೆ ಪ್ರಿಂಟರಿನ ಸದ್ದು ನಿಂತಿತು.

“ಸಿದ್ದೇಶ್ವರಿ ಅವ್ರೇ, ಅರಾಮ ಅದೀರೇನ್ರಿ?”

“ಇಲ್ರಿ. ಒಟ್ಟ ಅರಾಮ ಇಲ್ಲ. ನೀವೂ ಅವರ ಜೊತಿ ಸೇರಿ ಧಮಕಿ ಕೊಟ್ರಿ ಅಂದ್ಕೊಂಡಿದ್ದೆ.”

“ನಾ? ನಿಮಗ ಧಮಕಿ?”

ಅವಳು ಆ ಮೆಸೇಜನ್ನು ಓದಿ ಹೇಳತೊಡಗಿದಳು. ‘ಏನ ಆದ್ರೂ ನಾ ನಿನಗ...’ ತನ್ನ ಬಾಯಲ್ಲಿ ಅದು ಬೇರೆಯೇ ಕೇಳಿಸಿ, ಅರ್ಧಕ್ಕೇ ನಿಂತಳು. ಮುಖ ಬಿಸಿಯಾಯಿತು.

“ಎಲ್ಲಾರೂ ನಿಮಗ ಬಿಟ್ಟ ಹೋಗ್ಲತ್ತಿದ್ರು. ನಾ ಬಿಡಂಗಿಲ್ಲ ಅಂದೆ,” ಅವನ ದನಿ ಇಳಿಯಿತು. “‘ರಿ’ ಹಚ್ಚಿದ್ರ ಅದು ಅಡ್ಮಿನ್ ಮಾತ ಆಗ್ತಿತ್ರಿ. ನನಗ ಅಡ್ಮಿನ್ ಆಗಿ ಹೇಳೂದಿರಲಿಲ್ಲ. ಹೊತ್ತು ಗೊತ್ತು ನೋಡಲಿಲ್ಲ, ತಪ್ಪ ನಂದೇ.”

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ನುಗ್ಗಿದವು. ಮೂಗು ಒರೆಸಿಕೊಂಡು ಹೇಳಿದಳು, “ನಾಳಿ ಅಪ್ಪ ಬಂದು ನನಗ ಊರಿಗಿ ಒಯ್ತಾನ್ರಿ. ಅದಕ್ಕ ಮೊದಲ ಸೈಬರ್ ಠಾಣಾಕ್ಕ ಹೋಗಿ ಕಂಪ್ಲೇಂಟ್ ಕೊಡಬೇಕು. ಒಬ್ಬಾಕಿಗಿ ಧೈರ್ಯ ಸಾಲವಲ್ದು.”

“ನಾ ಬರ್ಲೇನ್ರಿ?”

ಬರುತ್ತೇನೆ ಎನ್ನಲಿಲ್ಲ, ಬರಲೇ ಎಂದ. ಇಷ್ಟು ದಿನ ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ. “ಬರ್ರಿ,” ಎಂದಳು.

ಮರುದಿನ ಹಾವಗೆಪ್ಪ ಬಂದಾಗ ಗಂಟು ಕಟ್ಟಿಯೇ ಇತ್ತು. ಅವಳು ಎತ್ತಿಕೊಳ್ಳಲಿಲ್ಲ.

“ಅಪ್ಪಾ, ನಾ ಊರಿಗಿ ಬಂದ್ರ ಆ ಫೋಟೋ ಅಳಿತದೇನು? ಮೊದಲ ಠಾಣಾಕ್ಕ ನಡಿ. ಆಮ್ಯಾಲ ನೀ ಹೇಳಿದಾಂಗ.”

ಹಾವಗೆಪ್ಪ ರುಮಾಲು ಸರಿಮಾಡಿಕೊಂಡು ಅವಳ ಹಿಂದೆ ಬಂದ. ಠಾಣೆಯ ಮೆಟ್ಟಿಲ ಬಳಿ ಶಿವಕಾಂತ ನಿಂತಿದ್ದ, ಕಣ್ಣು ಕೆಂಪು, ಅಂಗಿಯ ತೋಳಿಗೆ ಬಣ್ಣದ ಕಲೆ. ಅವಳನ್ನು ನೋಡಿದ, ಅಪ್ಪನನ್ನು ನೋಡಿ ಕೈ ಮುಗಿದ, ನಾಲ್ಕು ಹೆಜ್ಜೆ ಹಿಂದೆ ಉಳಿದ.

ಒಳಗೆ ಮಹಿಳಾ ಪೇದೆಯೊಬ್ಬಳು ಎಲ್ಲವನ್ನೂ ಕೇಳಿ ಟೈಪ್ ಮಾಡಿಕೊಂಡಳು. ಸಿದ್ದೇಶ್ವರಿ ತನ್ನ ಬಾಯಿಂದಲೇ ಎಲ್ಲ ಹೇಳಿದಳು, ಫೋಟೋದ ಮಾತು ಬಂದಾಗಲೂ ನಿಲ್ಲಿಸಲಿಲ್ಲ. ಮಗಳು ಇಷ್ಟು ನುಂಗಿಕೊಂಡಿದ್ದಳೆಂದು ಹಾವಗೆಪ್ಪನಿಗೆ ಗೊತ್ತಿರಲಿಲ್ಲ.

“ನಿಮ್ಮ ಜೊತಿ ಬಂದವ್ರು ಯಾರ್ರಿ? ಇವ್ರು?” ಪೇದೆ ಹಾವಗೆಪ್ಪನತ್ತ ನೋಡಿದಳು.

“ತಂದಿ ಆಗಬೇಕ್ರಿ.”

“ಮತ್ತ ಇವ್ರು? ನಿಮಗ ಏನಾಗಬೇಕ್ರಿ?” ಪೇದೆ ಹಿಂದೆ ನಿಂತಿದ್ದ ಶಿವಕಾಂತನತ್ತ ಬೊಟ್ಟು ಮಾಡಿದಳು.

ಶಿವಕಾಂತ ಗಡಬಡಿಸಿದ. “ನಾ ಬರೇ ಗುರ್ತಿನವ್ರಿ ಮೇಡಂ...”

“ಗಂಡ ಆಗಬೇಕ್ರಿ,” ಎಂದಳು ಸಿದ್ದೇಶ್ವರಿ.

ಪೇದೆಯ ಬೆರಳು ಕೀಬೋರ್ಡಿನ ಮೇಲೆ ನಿಂತಿತು. “ಆಗ್ಯಾರೋ, ಇನ್ನಾ ಆಗಬೇಕೋ? ನೆಟ್ಟಗ ಹೇಳ್ರಿ.”

“ಇನ್ನಾ ಆಗಬೇಕ್ರಿ. ಅವರಿಗಿ ಕೇಳಿಲ್ಲ.”

ಶಿವಕಾಂತ ಅಂಗೈಯಿಂದ ಮುಖ ಒರೆಸಿಕೊಂಡು, “ಹೂಂ ಅಂತ ಬರಕೋರಿ ಮೇಡಂ,” ಎಂದ.

ಸಿದ್ದೇಶ್ವರಿ ಅಪ್ಪನ ಕಡೆ ತಿರುಗಿದಳು. ಹಾವಗೆಪ್ಪ ಎದ್ದು ಧೋತರ ಕೊಡವಿಕೊಂಡ.

“ಮೊದಲ ಆ ಹರಾಮಖೋರರ ಹೆಸರ ಎಲ್ಲಾ ಬರಸು. ಒಂದೂ ಬಿಡಬ್ಯಾಡ,” ಎಂದ. ಶಿವಕಾಂತನತ್ತ ನೋಡಿ, “ಐತವಾರ ಹಿರ್ಯಾರಿಗಿ ಕರಕೊಂಡು ಸಂತಪುರಕ್ಕ ಬಾ,” ಎಂದ. ಬಾಗಿಲವರೆಗೆ ಹೋಗಿ, ಮಗಳಿಗೆ ಬೆನ್ನು ಮಾಡಿಯೇ ಹೇಳಿದ:

“ಸಂಜಿ ಬಸ್ಸಿಗಿ ನಾ ಒಬ್ಬನೇ ಹೋಗ್ತೇನಿ. ನೀ ನಾಳಿ ಅಂಗಡಿಗಿ ಹೋಗವ್ವಾ.”