ಹಸಿ ಗಡಿಗೆ ಎಂದದ್ದಕ್ಕೆ

ಬಹಳ ಬಹಳ ಹಿಂದೆ, ಏಳು ಗುಡ್ಡಗಳ ಆಚೆ, ದ್ರಾಕ್ಷಾವತಿ ಎಂಬ ರಾಜ್ಯವಿತ್ತು. ಅಲ್ಲಿನವರು ದ್ರಾಕ್ಷಾರಸವನ್ನು ದೊಡ್ಡ ಮಣ್ಣಿನ ಗುಡಾಣಗಳಲ್ಲಿ ತುಂಬಿ, ಕತ್ತಿನವರೆಗೆ ನೆಲದಲ್ಲಿ ಹೂತು ಹದ ಮಾಡುತ್ತಿದ್ದರು. ಆ ಗುಡಾಣಗಳನ್ನು ಮಾಡುವವನು ಕುಂಬಾರ ಮರುಳಯ್ಯ. ಚಿನ್ನದಂಥ ಮನುಷ್ಯ; ಆದರೆ ತನ್ನ ಕೆಲಸವನ್ನು ಯಾರಾದರೂ ಆಡಿಕೊಂಡರೆ ಮಾತ್ರ ಮೂಗಿನ ತುದಿಯಲ್ಲೇ ಕೋಪ.

ಒಂದು ದಿನ ಧೂಮಕಂಠನೆಂಬ ಮಾಂತ್ರಿಕ ಬಂದು, ರಸ ಅಷ್ಟು ರುಚಿಯಾಗುವ ಗುಟ್ಟೇನೆಂದು ಕೇಳಿದ.

"ಗುಟ್ಟೆಂಥದು ಸ್ವಾಮಿ? ಒಳ್ಳೆ ಮಣ್ಣು, ಒಳ್ಳೆ ಬೆಂಕಿ," ಎಂದ ಮರುಳಯ್ಯ.

ಸುಳ್ಳು ಹೇಳುತ್ತಾನೆಂದು ಸಿಟ್ಟಾದ ಮಾಂತ್ರಿಕ ಅವನನ್ನೇ ಗುಡಾಣ ಮಾಡಿ, ತೋಟದ ನೂರು ಗುಡಾಣಗಳ ನಡುವೆ ಹೂತುಬಿಟ್ಟ.

ಮಗಳು ದೇವೀರಿ ಅಳುತ್ತಾ ಓಡಿಬಂದಳು. ಅಪ್ಪನನ್ನು ಬಿಟ್ಟರೆ ಅವಳಿಗೆ ಯಾರೂ ಇರಲಿಲ್ಲ.

"ಮೂರು ಸಲದಲ್ಲಿ ನಿನ್ನಪ್ಪನನ್ನು ಗುರುತಿಸು," ಎಂದು ಧೂಮಕಂಠ ನಕ್ಕ. "ಗುರುತಿಸಿದರೆ ನನ್ನ ಮಾಯೆ ನನಗೇ ತಿರುಗಲಿ. ತಪ್ಪಿದರೆ ನೀನೂ ಗುಡಾಣ!"

ದೇವೀರಿ ಮೊದಲು ಕಣ್ಣಿನಿಂದ ಹುಡುಕಿದಳು. ಒಂದರ ಕತ್ತಿನಲ್ಲಿ ಅಪ್ಪನ ಹೆಬ್ಬೆರಳ ಗುರುತು ಕಂಡಿತು. "ಇದೇ!" ಎಂದಳು. ಕುಂಬಾರರ ಮನೆಯವಳಾಗಿ ಎಂಥ ತಪ್ಪು! ಅಪ್ಪ ಮಾಡಿದ ಎಲ್ಲ ಗುಡಾಣಕ್ಕೂ ಅದೇ ಹೆಬ್ಬೆರಳು ಬಿದ್ದಿತ್ತು. ತಪ್ಪಿದ್ದಕ್ಕೆ ಮಾಯೆ ತಗಲಿ, ಅವಳ ಎಡಗೈ ಗುಡಾಣದಂತೆ ಮಣ್ಣಾಯಿತು.

ಆಮೇಲೆ ಮಡಕೆ ಕೊಳ್ಳುವವರ ಹಾಗೆ ಒಂದೊಂದನ್ನೂ ಬಲಗೈಯಿಂದ ಬಡಿದು ನೋಡಿದಳು. ಠಣ್, ಠಣ್! ಒಂದರ ದನಿ ಇನ್ನೂ ಇಂಪೆನಿಸಿತು. "ಇದೇ!" ಎಂದಳು. ಅದೂ ಅಲ್ಲ. ಬಲಗೈಯೂ ಮಣ್ಣಾಯಿತು.

ಕಣ್ಣು ಸೋತಿತ್ತು, ಕೈ ಸೋತಿತ್ತು, ಉಳಿದದ್ದು ಬಾಯೊಂದೇ. ಆಗ ಅಪ್ಪನ ಸ್ವಭಾವ ನೆನಪಾಯಿತು. ತೋಟದ ನಡುವೆ ನಿಂತು ಗಟ್ಟಿಯಾಗಿ ಕೂಗಿದಳು:

"ಅಯ್ಯೋ, ಮರುಳಯ್ಯ ಮಾಡಿದ್ದೆಲ್ಲಾ ಹಸಿ ಗಡಿಗೆ! ಒಂದೂ ಸರಿಯಾಗಿ ಬೆಂದಿಲ್ಲ!"

ನೂರು ಗುಡಾಣ ಸುಮ್ಮನಿದ್ದವು. ನೂರೊಂದನೆಯದು ಬುಳುಬುಳು ನೊರೆ ಉಕ್ಕಿಸಿ ಗುಡುಗಿತು: "ಯಾವಳೇ ಅವಳು, ಹಸಿ ಅಂದೋಳು?"

"ಇವನೇ ನಮ್ಮಪ್ಪಯ್ಯ!" ಎಂದಳು ದೇವೀರಿ.

ಮಾಯೆ ತಿರುಗಿತು. ಮರುಳಯ್ಯ ಮೈಕೊಡವಿ ಎದ್ದ. ದೇವೀರಿಯ ಕೈಗಳು ಮೊದಲಿನಂತಾದವು. ಧೂಮಕಂಠ ಡೊಳ್ಳುಹೊಟ್ಟೆಯ ಗುಡಾಣವಾಗಿ ಕುಕ್ಕರಿಸಿದ. ಅದು ಸೋರುತ್ತಿದ್ದುದರಿಂದ ಯಾರೂ ಅದಕ್ಕೆ ರಸ ತುಂಬಲಿಲ್ಲ. ಊರ ಕೋಳಿಗಳು ಅದರೊಳಗೆ ಮೊಟ್ಟೆಯಿಟ್ಟವು.

ಮರುಳಯ್ಯ ಮಗಳನ್ನು ತಬ್ಬಿಕೊಂಡು ಅತ್ತ. ಆಮೇಲೆ ಮೆಲ್ಲಗೆ ಕೇಳಿದ, "ನಿಜ ಹೇಳವ್ವ, ನನ್ನ ಗುಡಾಣ ಹಸಿನಾ?"

"ಎಲ್ಲಿಯ ಹಸಿ ಅಪ್ಪಯ್ಯ! ನೀನು ಬರೀ ಬಿಸಿ!"

ಅವರ ನಗು ಏಳು ಗುಡ್ಡದಾಚೆಗೂ ಕೇಳಿಸಿತಂತೆ. ಅಂದಿನಿಂದ ದ್ರಾಕ್ಷಾವತಿಯ ಜನ ಸುಖವಾಗಿದ್ದಾರೆ. ನಾವೂ ಹಾಗೇ ಇರೋಣ.